ಎಸ್‌ಎಸ್‌ಎಚ್ ಕೀ ದೃಢೀಕರಣ: ಸರ್ವರನ್ನು ಗುರುತಿಸುವುದರಿಂದ ಪಾಸ್‌ವರ್ಡ್ ಲಾಗಿನ್ ಮುಚ್ಚುವವರೆಗೆ

ದೂರದಲ್ಲಿರುವ ಲಿನಕ್ಸ್ ಸರ್ವರ್ ಒಂದಕ್ಕೆ ಎಸ್‌ಎಸ್‌ಎಚ್ (ಗೂಢಲಿಪಿಯ ಸಂಪರ್ಕದಲ್ಲಿ ದೂರದ ಯಂತ್ರವನ್ನು ಬಳಸುವ ವಿಧಾನ) ಮೂಲಕ ಲಾಗಿನ್ ಆಗುವಾಗ ದೃಢೀಕರಣ ಎರಡು ಸಲ ನಡೆಯುತ್ತದೆ. ಮೊದಲು ಸರ್ವರ್ ತಾನು ಯಾರೆಂಬುದನ್ನು ಕ್ಲೈಂಟ್‌ಗೆ, ಅಂದರೆ ಸಂಪರ್ಕಿಸುತ್ತಿರುವ ನಿಮ್ಮ ಯಂತ್ರಕ್ಕೆ, ತೋರಿಸಿಕೊಡಬೇಕು. ಆಮೇಲೆ ಬಳಕೆದಾರರು ತಾವು ಯಾರೆಂಬುದನ್ನು ಸರ್ವರ್‌ಗೆ ತೋರಿಸಿಕೊಡಬೇಕು. ಈ ವಿಷಯದ ಹೆಚ್ಚಿನ ಟ್ಯುಟೋರಿಯಲ್‌ಗಳು ಎರಡನೆಯದನ್ನು ಪುಟಗಟ್ಟಲೆ ವಿವರಿಸಿ, ಮೊದಲನೆಯದನ್ನು ‘ಪ್ರಶ್ನೆ ಬಂದರೆ ಯೆಸ್ ಎಂದು ಟೈಪ್ ಮಾಡಿ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆ ಒಂದು ಸಾಲು ಉಳಿದ ಎಲ್ಲ ಎಚ್ಚರಿಕೆಯನ್ನೂ ವ್ಯರ್ಥ ಮಾಡಬಲ್ಲದು ಎಂಬ ಕಾರಣಕ್ಕೆ ಈ ಮಾರ್ಗದರ್ಶಿ ಅಲ್ಲಿಂದಲೇ ಆರಂಭವಾಗುತ್ತದೆ.

ಇಲ್ಲಿನ ಹಂತಗಳು ಉಬುಂಟು ಅಥವಾ ಡೆಬಿಯನ್ ಸರ್ವರ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ ಇದೆ, ಸೂಡೋ ಅಧಿಕಾರವಿರುವ (ಅಗತ್ಯವಿದ್ದಾಗ ಆಡಳಿತಗಾರರಂತೆ ಕಮಾಂಡ್ ಓಡಿಸಬಲ್ಲ) ಸಾಮಾನ್ಯ ಬಳಕೆದಾರರ ಖಾತೆಯೊಂದು ಆಗಲೇ ಇದೆ ಮತ್ತು ಸದ್ಯಕ್ಕೆ ಪಾಸ್‌ವರ್ಡ್ ಮೂಲಕ ಲಾಗಿನ್ ಆಗುತ್ತಿದೆ ಎಂಬ ಊಹೆಯ ಮೇಲೆ ನಿಂತಿವೆ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಅರ್ಥ ಬದಲಾಗುತ್ತದೆ; ಕಮಾಂಡ್‌ಗಳಲ್ಲಿ ದೊಡ್ಡಕ್ಷರವೆಂದು ಬಿಡಿಸಿ ಹೇಳದ ಕಡೆಯೆಲ್ಲ ಸಣ್ಣ ಅಕ್ಷರವೆಂದೇ ತಿಳಿಯಿರಿ.

ಪಾಸ್‌ವರ್ಡ್ ಏಕೆ ಸಾಲದು

ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ್ದು ಬೆಳಕಿಗೆ ಬಂದ ಮೇಲೆ, 1995ರಲ್ಲಿ ಅಲ್ಲಿನ ಟಾಟು ಯ್ಲೋನೆನ್ ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿಯನ್ನು ರಚಿಸಿದರು. ಆಗ ಬಳಕೆಯಲ್ಲಿದ್ದ ಟೆಲ್‌ನೆಟ್ ಮತ್ತು ಆರ್‌ಲಾಗಿನ್ ಎಂಬ ದೂರದ ಲಾಗಿನ್ ವಿಧಾನಗಳಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಜಾಲದ ಮೇಲೆ ಹರಿಯುತ್ತಿತ್ತು. ಇಂದು ನಾವು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶ 1999ರಲ್ಲಿ ಓಪನ್‌ಬಿಎಸ್‌ಡಿ ಯೋಜನೆಯಿಂದ ಹೊರಬಂದಿತು. ಎಸ್‌ಎಸ್‌ಎಚ್ ಬಂದ ಮೇಲೆ ದಾರಿಯಲ್ಲಿ ಕದ್ದಾಲಿಸುವುದು ನಿಂತಿತೇ ಹೊರತು ಪಾಸ್‌ವರ್ಡಿನ ಮೂಲ ದೌರ್ಬಲ್ಯ ಹೋಗಲಿಲ್ಲ: ಗೂಢಲಿಪಿಯ ಕೊಳವೆಯೊಳಗೆ ಸಾಗಿದರೂ ಅದು ಕೊನೆಗೆ ಸರ್ವರ್‌ನ ಕೈಗೆ ಇದ್ದದ್ದು ಇದ್ದಂತೆ ತಲುಪುತ್ತದೆ. ತಲುಪಿದ್ದು ನಕಲಿ ಸರ್ವರ್ ಆಗಿದ್ದರೆ ಪಾಸ್‌ವರ್ಡ್ ಕಳೆದುಹೋದಂತೆಯೇ ಸರಿ. ಇದಲ್ಲದೆ, ಅಂತರ್ಜಾಲಕ್ಕೆ ತೆರೆದುಕೊಂಡ ಯಾವ ಸರ್ವರ್‌ನ ಲಾಗ್ ತೆರೆದರೂ 22ನೇ ಪೋರ್ಟ್‌ನಲ್ಲಿ ರೂಟ್, ಅಡ್ಮಿನ್, ಟೆಸ್ಟ್ ಮುಂತಾದ ಹೆಸರುಗಳಿಗೆ ಪಾಸ್‌ವರ್ಡ್ ಊಹಿಸುತ್ತಿರುವ ಬಾಟ್‌ಗಳ (ತಾವಾಗಿ ಓಡುವ ತಂತ್ರಾಂಶಗಳ) ಸಾಲು ಕಾಣಿಸುತ್ತದೆ.

ಕೀ ದೃಢೀಕರಣದಲ್ಲಿ ರಹಸ್ಯವೆಂಬುದು ಕ್ಲೈಂಟ್ ಯಂತ್ರವನ್ನು ಬಿಟ್ಟು ಹೊರಹೋಗುವುದೇ ಇಲ್ಲ. ಪಬ್ಲಿಕ್ ಕೀಯನ್ನು ಬೀಗವೆಂದೂ ಪ್ರೈವೇಟ್ ಕೀಯನ್ನು ಅದರ ಕೀಲಿಕೈ ಎಂದೂ ತಿಳಿದರೆ, ಬೀಗವನ್ನು ಎಷ್ಟು ಬಾಗಿಲಿಗೆ ಬೇಕಾದರೂ ಹಾಕಬಹುದು, ಕೀಲಿಕೈ ಮಾತ್ರ ನಿಮ್ಮ ಬಳಿಯೇ ಉಳಿಯುತ್ತದೆ. ಲಾಗಿನ್ ಸಮಯದಲ್ಲಿ ಕ್ಲೈಂಟ್ ತನ್ನ ಪ್ರೈವೇಟ್ ಕೀ ಬಳಸಿ ಒಂದು ಸಹಿಯನ್ನು ಮಾಡಿ ಕಳುಹಿಸುತ್ತದೆ, ಮತ್ತು ಆ ಸಹಿ ಆ ಒಂದು ಸಂಪರ್ಕದ ಗುರುತಿಗೆ ಬೆಸೆದುಕೊಂಡಿರುವುದರಿಂದ ಅದನ್ನು ಹಿಡಿದಿಟ್ಟುಕೊಂಡು ಬೇರೆ ಸರ್ವರ್‌ನಲ್ಲಿ ಮತ್ತೆ ಬಳಸಲು ಬರುವುದಿಲ್ಲ. ಹಾಗೆಂದು ನಕಲಿ ಸರ್ವರ್‌ನ ಅಪಾಯ ಪೂರ್ತಿ ತಪ್ಪಿತೆಂದಲ್ಲ. ನಿಮ್ಮ ಸಹಿಯನ್ನು ಪರಿಶೀಲಿಸದೆಯೇ ‘ಬನ್ನಿ’ ಎಂದು ಒಳಗೆ ಬಿಟ್ಟುಕೊಂಡು, ನೀವು ಅಲ್ಲಿ ಟೈಪ್ ಮಾಡುವ ಸೂಡೋ ಪಾಸ್‌ವರ್ಡನ್ನೂ ಏರಿಸುವ ಫೈಲ್‌ಗಳನ್ನೂ ಅದು ತನ್ನದಾಗಿಸಿಕೊಳ್ಳಬಹುದು.

ಮೊದಲ ಹಂತ: ಸರ್ವರ್‌ನ ಗುರುತನ್ನು ಬೇರೆ ದಾರಿಯಿಂದ ತಿಳಿದುಕೊಳ್ಳಿ

ಓಪನ್‌ಎಸ್‌ಎಸ್‌ಎಚ್ ಇರುವ ಪ್ರತಿ ಸರ್ವರ್‌ಗೂ ತನ್ನದೇ ಹೋಸ್ಟ್ ಕೀಗಳಿರುತ್ತವೆ. ಅವು /ಇಟಿಸಿ/ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಎಸ್‌ಎಸ್‌ಎಚ್_ಹೋಸ್ಟ್ ಎಂದು ಆರಂಭವಾಗುವ ಫೈಲ್‌ಗಳಲ್ಲಿವೆ. ಮೊದಲ ಬಾರಿ ಸಂಪರ್ಕಿಸಿದಾಗ ಕ್ಲೈಂಟ್ ತೋರಿಸುವ ‘ಎಸ್‌ಎಚ್‌ಎ256’ ಎಂದು ಶುರುವಾಗುವ ಉದ್ದನೆಯ ಸಾಲು ಈ ಕೀಯ ಫಿಂಗರ್‌ಪ್ರಿಂಟ್, ಅಂದರೆ ಕೀಯಿಂದ ಲೆಕ್ಕಹಾಕಿದ ಗುರುತು. ಅದು ಸರಿಯೋ ತಪ್ಪೋ ಎಂಬುದನ್ನು ಅದೇ ಸಂಪರ್ಕದಿಂದ ತಿಳಿಯಲಾಗದು. ಹೀಗಾಗಿ ಕ್ಲೌಡ್ ಸೇವೆಯ ವೆಬ್ ಕನ್ಸೋಲ್ ಮೂಲಕವೋ, ಸರ್ವರ್‌ಗೆ ನೇರವಾಗಿ ಜೋಡಿಸಿದ ಕೀಬೋರ್ಡ್ ಮಾನಿಟರ್ ಮೂಲಕವೋ ಒಳಹೊಕ್ಕು, ಈ ಕಮಾಂಡ್ ಓಡಿಸಿ:

ಎಸ್‌ಎಸ್‌ಎಚ್-ಕೀಜೆನ್ -ಎಲ್‌ಎಫ್ /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್_ಹೋಸ್ಟ್_ಇಡಿ25519_ಕೀ.ಪಬ್

ಬಂದ ಫಿಂಗರ್‌ಪ್ರಿಂಟನ್ನು ಕಾಪಿ ಮಾಡಿಟ್ಟುಕೊಳ್ಳಿ. ಈಗ ನಿಮ್ಮ ಲ್ಯಾಪ್‌ಟಾಪಿನಿಂದ ಸಂಪರ್ಕಿಸಿದಾಗ ‘ಮುಂದುವರಿಯಲೇ’ ಎಂಬ ಪ್ರಶ್ನೆಗೆ ಯೆಸ್ ಎನ್ನುವ ಬದಲು ಆ ಫಿಂಗರ್‌ಪ್ರಿಂಟನ್ನೇ ಪೇಸ್ಟ್ ಮಾಡಿ. ಹೊಸ ಆವೃತ್ತಿಗಳು ಇದನ್ನು ಉತ್ತರವಾಗಿ ಸ್ವೀಕರಿಸುತ್ತವೆ, ಮತ್ತು ಎರಡೂ ಹೊಂದಿದರೆ ಮಾತ್ರ ಮುಂದಕ್ಕೆ ಹೋಗುತ್ತವೆ. ಮೊದಲ ನಾಲ್ಕಕ್ಷರ ಮತ್ತು ಕೊನೆಯ ನಾಲ್ಕಕ್ಷರ ನೋಡಿ ‘ಸರಿ ಇದೆ’ ಎಂದುಕೊಳ್ಳುವ ನಮ್ಮೆಲ್ಲರ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಒಪ್ಪಿದ ಕೀ ನಿಮ್ಮ ಹೋಮ್ ಫೋಲ್ಡರ್‌ನ .ಎಸ್‌ಎಸ್‌ಎಚ್ ಒಳಗಿನ ನೋನ್_ಹೋಸ್ಟ್ಸ್ ಫೈಲ್‌ಗೆ ಸೇರುತ್ತದೆ. ಮುಂದೊಂದು ದಿನ ‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’ ಎಂಬ ದೊಡ್ಡಕ್ಷರದ ಎಚ್ಚರಿಕೆ ಬಂದರೆ, ಕಾರಣ ಬಹುತೇಕ ಸಾಮಾನ್ಯವಾದದ್ದೇ ಆಗಿರುತ್ತದೆ: ಸರ್ವರನ್ನು ಮರುಸ್ಥಾಪಿಸಿರಬಹುದು, ಅಥವಾ ಅಳಿಸಿಹಾಕಿದ ಹಳೆಯ ಕ್ಲೌಡ್ ಯಂತ್ರದ ಐಪಿ ವಿಳಾಸ ಹೊಸದಕ್ಕೆ ಸಿಕ್ಕಿರಬಹುದು. ಆದರೂ ಕಾರಣ ಯಾವುದೆಂದು ಖಚಿತವಾದ ಮೇಲಷ್ಟೇ ‘ಎಸ್‌ಎಸ್‌ಎಚ್-ಕೀಜೆನ್ -ಆರ್’ ಎಂದು ದೊಡ್ಡ ಆರ್ ಬಳಸಿ, ಮುಂದೆ ಸರ್ವರ್ ಹೆಸರು ಕೊಟ್ಟು ಹಳೆಯ ನಮೂದನ್ನು ತೆಗೆಯಬೇಕು. ಸ್ಕ್ರಿಪ್ಟ್‌ಗಳಲ್ಲಿ ಕಿರಿಕಿರಿ ತಪ್ಪಿಸಲೆಂದು ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ಆಯ್ಕೆಯನ್ನು ‘ನೋ’ ಮಾಡಿಡುವುದು ಬಹಳ ಕಡೆ ಕಾಣುವ ರೂಢಿ. ಅದು ಈ ಇಡೀ ಹಂತವನ್ನು ಅಳಿಸಿಹಾಕುತ್ತದೆ.

ಒಂದು ಯಂತ್ರದ ಡಿಸ್ಕ್ ಇಮೇಜ್‌ನಿಂದ ಹಲವು ಸರ್ವರ್‌ಗಳನ್ನು ನಕಲು ಮಾಡಿದ್ದರೆ ಎಲ್ಲಕ್ಕೂ ಒಂದೇ ಹೋಸ್ಟ್ ಕೀ ಇರುವ ಸಾಧ್ಯತೆ ಉಂಟು. ಹಾಗಿದ್ದಲ್ಲಿ ಪ್ರತಿಯೊಂದರಲ್ಲೂ ಹಳೆಯ ಹೋಸ್ಟ್ ಕೀ ಫೈಲ್‌ಗಳನ್ನು ಅಳಿಸಿ, ‘ಎಸ್‌ಎಸ್‌ಎಚ್-ಕೀಜೆನ್ -ಎ’ ಎಂದು ದೊಡ್ಡ ಎ ಬಳಸಿ ಹೊಸದನ್ನು ಹುಟ್ಟಿಸಿ, ಸೇವೆಯನ್ನು ಮರುಪ್ರಾರಂಭಿಸಿ.

ಎರಡನೆಯ ಹಂತ: ಕ್ಲೈಂಟ್‌ನಲ್ಲಿ ಕೀ ಜೋಡಿಯನ್ನು ರಚಿಸಿ

ನಿಮ್ಮ ಸ್ವಂತ ಯಂತ್ರದ ಟರ್ಮಿನಲ್‌ನಲ್ಲಿ ಹೀಗೆ ಕೊಡಿ. ಇಲ್ಲಿ ಟಿ ಮತ್ತು ಎ ಸಣ್ಣ ಅಕ್ಷರಗಳು, ಸಿ ದೊಡ್ಡಕ್ಷರ:

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಎ 100 -ಸಿ "ಆಫೀಸ್-ಲ್ಯಾಪ್‌ಟಾಪ್"

ವಿಂಡೋಸ್ 10 ಮತ್ತು 11ರಲ್ಲಿಯೂ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ದೊರೆಯುವುದರಿಂದ ಪವರ್‌ಶೆಲ್‌ನಲ್ಲಿ ಇದೇ ಕಮಾಂಡ್ ಓಡುತ್ತದೆ. ಇಡಿ25519 ಮಾದರಿಯ ಕೀ ಓಪನ್‌ಎಸ್‌ಎಸ್‌ಎಚ್ 6.5ರಿಂದ, ಅಂದರೆ 2014ರಿಂದ ಲಭ್ಯವಿದೆ, 2023ರ 9.5ನೇ ಆವೃತ್ತಿಯಿಂದ ಅದೇ ಪೂರ್ವನಿಯೋಜಿತ ಮಾದರಿಯೂ ಆಗಿದೆ. ಅದನ್ನು ಅರಿಯದ ಹಳೆಯ ನೆಟ್‌ವರ್ಕ್ ಉಪಕರಣವಿದ್ದರೆ ಮಾತ್ರ 3072 ಅಥವಾ 4096 ಬಿಟ್‌ನ ಆರ್‌ಎಸ್‌ಎ ಕೀಗೆ ಹೋಗಿ. ಡಿಎಸ್‌ಎ ಮಾದರಿಯನ್ನು 2015ರಲ್ಲೇ ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಲಾಗಿತ್ತು, 2025ರ 10.0 ಆವೃತ್ತಿಯಲ್ಲಿ ಪೂರ್ತಿ ಕಿತ್ತುಹಾಕಲಾಯಿತು.

ಕಮಾಂಡ್ ಮೊದಲು ಫೈಲಿನ ಹೆಸರು ಕೇಳುತ್ತದೆ. ಅದೇ ಹೆಸರಿನ ಕೀ ಆಗಲೇ ಇದ್ದು ‘ಓವರ್‌ರೈಟ್’ ಮಾಡಲೇ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ ಬೇರೆ ಹೆಸರು ಕೊಡಿ. ಅಳಿದ ಪ್ರೈವೇಟ್ ಕೀಯನ್ನು ಪಬ್ಲಿಕ್ ಕೀಯಿಂದ ಮರಳಿ ಪಡೆಯಲಾಗದು. ಆಮೇಲೆ ಪಾಸ್‌ಫ್ರೇಸ್, ಅಂದರೆ ಪ್ರೈವೇಟ್ ಕೀ ಫೈಲಿಗೇ ಹಾಕುವ ಗುಪ್ತ ಸಾಲು, ಕೇಳುತ್ತದೆ. ಇದನ್ನು ಖಾಲಿ ಬಿಟ್ಟರೆ ಲ್ಯಾಪ್‌ಟಾಪ್‌ನ ಒಂದು ಬ್ಯಾಕಪ್ ಕದ್ದವರಿಗೂ ಸರ್ವರ್ ಸಿಕ್ಕಿಬಿಡುತ್ತದೆ. ನಾಲ್ಕೈದು ಪದಗಳ, ನಿಮಗೆ ನೆನಪಿನಲ್ಲಿ ಉಳಿಯುವ ಆದರೆ ಯಾರೂ ಊಹಿಸಲಾಗದ ಸಾಲು ಸಾಕು; ಮೇಲಿನ ಕಮಾಂಡ್‌ನಲ್ಲಿರುವ 100 ಎಂಬ ಸಂಖ್ಯೆ ಆ ಪಾಸ್‌ಫ್ರೇಸನ್ನು ಊಹಿಸುವ ಪ್ರತಿ ಪ್ರಯತ್ನವನ್ನೂ ನಿಧಾನಗೊಳಿಸುತ್ತದೆ. ಮುಂದೆ ಅದನ್ನು ಬದಲಿಸಬೇಕೆನಿಸಿದರೆ ‘ಎಸ್‌ಎಸ್‌ಎಚ್-ಕೀಜೆನ್ -ಪಿ’ ಇದೆ, ಹೊಸ ಕೀ ಬೇಕಿಲ್ಲ.

ಸರ್ವರ್‌ಗೊಂದರಂತೆ ಕೀ ಮಾಡುವುದಕ್ಕಿಂತ ಸಾಧನಕ್ಕೊಂದರಂತೆ ಮಾಡುವುದು ಒಳಿತು. ಮನೆಯ ಕಂಪ್ಯೂಟರಿಗೆ ಒಂದು, ಆಫೀಸಿನದಕ್ಕೆ ಒಂದು. ಪ್ರೈವೇಟ್ ಕೀಯನ್ನು ಒಂದರಿಂದ ಇನ್ನೊಂದಕ್ಕೆ ಪೆನ್‌ಡ್ರೈವ್‌ನಲ್ಲೋ ವಾಟ್ಸಾಪ್‌ನಲ್ಲೋ ಸಾಗಿಸಬೇಡಿ. ಸಾಧನವೊಂದು ಕಳೆದುಹೋದ ದಿನ ಈ ವಿಂಗಡಣೆಯ ಬೆಲೆ ತಿಳಿಯುತ್ತದೆ.

ಮೂರನೆಯ ಹಂತ: ಪಬ್ಲಿಕ್ ಕೀಯನ್ನು ಸರ್ವರ್‌ಗೆ ಸೇರಿಸಿ

ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ‘ಎಸ್‌ಎಸ್‌ಎಚ್-ಕಾಪಿ-ಐಡಿ -ಐ’ ಎಂದು ಕೊಟ್ಟು, .ಪಬ್ ಎಂದು ಕೊನೆಗೊಳ್ಳುವ ಫೈಲಿನ ದಾರಿಯನ್ನೂ ಬಳಕೆದಾರ@ಸರ್ವರ್ ಎಂಬ ವಿಳಾಸವನ್ನೂ ಸೇರಿಸಿದರೆ ಕೆಲಸ ಮುಗಿಯಿತು. ವಿಂಡೋಸ್‌ನ ಓಪನ್‌ಎಸ್‌ಎಸ್‌ಎಚ್ ಜೊತೆಗೆ ಈ ಕಮಾಂಡ್ ಬರುವುದಿಲ್ಲವಾದ್ದರಿಂದ, ಅಲ್ಲಿ .ಪಬ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಒಳಗಿರುವುದನ್ನು ಕಾಪಿ ಮಾಡಿ, ಸರ್ವರ್‌ನಲ್ಲಿ ನಿಮ್ಮ ಹೋಮ್ ಫೋಲ್ಡರ್‌ನ .ಎಸ್‌ಎಸ್‌ಎಚ್/ಆಥರೈಸ್ಡ್_ಕೀಸ್ ಫೈಲಿನ ಕೊನೆಗೆ ಅಂಟಿಸಬೇಕು.

ಅಂಟಿಸುವಾಗ ಆ ಸಾಲನ್ನು ಹತ್ತಿರದಿಂದ ನೋಡಿ. ಅದರಲ್ಲಿ ಮೂರು ಭಾಗಗಳಿವೆ: ಎಸ್‌ಎಸ್‌ಎಚ್-ಇಡಿ25519 ಎಂಬ ಮಾದರಿಯ ಹೆಸರು, ದೊಡ್ಡ ಎ ಅಕ್ಷರ ನಾಲ್ಕು ಸಲ ಬಂದು ಆರಂಭವಾಗುವ ಕೀಯ ಮುಖ್ಯ ಭಾಗ, ಮತ್ತು ಕೊನೆಯಲ್ಲಿ ನೀವು ಕೊಟ್ಟ ಟಿಪ್ಪಣಿ. ಇಡೀ ಕೀ ಒಂದೇ ಸಾಲಿನಲ್ಲಿರಬೇಕು. ಇಮೇಲ್ ಅಥವಾ ಚಾಟ್ ಮೂಲಕ ಬಂದ ಕೀಗಳು ನಡುವೆ ಮುರಿದು ಎರಡು ಸಾಲಾಗಿರುವುದು ತೀರಾ ಸಾಮಾನ್ಯ, ಹಾಗಾದಾಗ ಆ ಕೀ ಕೆಲಸ ಮಾಡುವುದೇ ಇಲ್ಲ. ಪಬ್ಲಿಕ್ ಕೀ ಬದಲು ಪ್ರೈವೇಟ್ ಕೀಯನ್ನೇ ಅಂಟಿಸುವವರೂ ಉಂಟು. ‘ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ’ ಎಂಬ ತಲೆಸಾಲು ಕಂಡರೆ ಆ ಜೋಡಿಯನ್ನು ಬಿಸಾಡಿ ಹೊಸದು ಮಾಡಿ.

ಇನ್ನು ಅನುಮತಿಗಳು. .ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಆಥರೈಸ್ಡ್_ಕೀಸ್ ಫೈಲಿಗೆ 600 ಎಂದು ಸಿಎಚ್‌ಮೋಡ್ ಮೂಲಕ ಕೊಡಿ, ಎರಡರ ಒಡೆತನವೂ ಆ ಬಳಕೆದಾರರದ್ದೇ ಆಗಿರಲಿ. ಹೋಮ್ ಫೋಲ್ಡರ್‌ನಲ್ಲಿ ಬೇರೆಯವರಿಗೆ ಅಥವಾ ಗುಂಪಿಗೆ ಬರೆಯುವ ಅನುಮತಿ ಇದ್ದರೂ ಸರ್ವರ್ ಕೀಯನ್ನು ತಿರಸ್ಕರಿಸುತ್ತದೆ. ಇದು ಸ್ಟ್ರಿಕ್ಟ್‌ಮೋಡ್ಸ್ ಎಂಬ ಸಂರಚನೆಯ ಕೆಲಸ, ಮತ್ತು ಸರಿಯಾದ ಕೆಲಸವೇ: ಇನ್ನೊಬ್ಬರು ಬರೆಯಬಹುದಾದ ಫೋಲ್ಡರ್‌ನಲ್ಲಿರುವ ಕೀ ಪಟ್ಟಿಗೆ ಅವರು ತಮ್ಮ ಕೀಯನ್ನೂ ಸೇರಿಸಿಬಿಡಬಹುದು. ಸಮಸ್ಯೆ ಬಂತೆಂದು ಸ್ಟ್ರಿಕ್ಟ್‌ಮೋಡ್ಸ್ ನಿಷ್ಕ್ರಿಯಗೊಳಿಸುವ ಸಲಹೆ ಎಲ್ಲಾದರೂ ಕಂಡರೆ ಅದನ್ನು ಪಾಲಿಸಬೇಡಿ, ಅನುಮತಿ ಸರಿಪಡಿಸಿ.

ನಾಲ್ಕನೆಯ ಹಂತ: ಕೀ ನಿಜಕ್ಕೂ ಕೆಲಸ ಮಾಡುತ್ತಿದೆಯೇ

ಲಾಗಿನ್ ಆಯಿತೆಂದ ಮಾತ್ರಕ್ಕೆ ಕೀ ಮೂಲಕವೇ ಆಯಿತೆಂದು ಹೇಳಲಾಗದು. ಕೀ ವಿಫಲವಾದಾಗ ಕ್ಲೈಂಟ್ ಏನೂ ಹೇಳದೆ ಪಾಸ್‌ವರ್ಡಿಗೆ ಇಳಿಯುತ್ತದೆ, ಮತ್ತು ಪಾಸ್‌ಫ್ರೇಸ್ ಪ್ರಶ್ನೆಯನ್ನೂ ಪಾಸ್‌ವರ್ಡ್ ಪ್ರಶ್ನೆಯನ್ನೂ ಒಂದೇ ಎಂದು ಭಾವಿಸಿ ಅನೇಕರು ಮುಂದುವರಿಯುತ್ತಾರೆ. ಆದ್ದರಿಂದ ಹೀಗೆ ಪರೀಕ್ಷಿಸಿ:

ಎಸ್‌ಎಸ್‌ಎಚ್ -ಓ ಪ್ರಿಫರ್ಡ್‌ಆಥೆಂಟಿಕೇಶನ್ಸ್=ಪಬ್ಲಿಕ್‌ಕೀ ಬಳಕೆದಾರ@ಸರ್ವರ್

ಒಳಗೆ ಹೋದ ಮೇಲೆ ಸೂಡೋ ಬಳಸಿ ‘ಜರ್ನಲ್‌ಸಿಟಿಎಲ್ -ಯು ಎಸ್‌ಎಸ್‌ಎಚ್’ ಮೂಲಕ ಲಾಗ್ ನೋಡಿ. ‘ಆಕ್ಸೆಪ್ಟೆಡ್ ಪಬ್ಲಿಕ್‌ಕೀ’ ಎಂಬ ಸಾಲಿನ ಕೊನೆಯಲ್ಲಿ ನಿಮ್ಮ ಕೀಯ ಫಿಂಗರ್‌ಪ್ರಿಂಟ್ ಇರಬೇಕು. ಒಳಗೆ ಹೋಗಲಾಗದಿದ್ದರೆ ಉತ್ತರ ಸಾಮಾನ್ಯವಾಗಿ ಕ್ಲೈಂಟ್ ಕಡೆ ಸಿಗುವುದಿಲ್ಲ, ಸರ್ವರ್‌ನ ಇದೇ ಲಾಗ್‌ನಲ್ಲಿ ಸಿಗುತ್ತದೆ. ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಎಂದಿದ್ದರೆ ಮೇಲೆ ಹೇಳಿದ ಅನುಮತಿಯ ದೋಷ. ಎಸ್‌ಇಲಿನಕ್ಸ್ (ಲಿನಕ್ಸ್‌ನ ಹೆಚ್ಚುವರಿ ಭದ್ರತಾ ಪದರ) ಜಾರಿಯಲ್ಲಿರುವ ರೆಡ್ ಹ್ಯಾಟ್ ಕುಟುಂಬದ ಸರ್ವರ್ ಆಗಿದ್ದು ಅನುಮತಿಗಳೆಲ್ಲ ಸರಿ ಇದ್ದರೂ ಕೀ ಒಪ್ಪದಿದ್ದರೆ, .ಎಸ್‌ಎಸ್‌ಎಚ್ ಫೋಲ್ಡರ್ ಮೇಲೆ ‘ರಿಸ್ಟೋರ್‌ಕಾನ್ -ಆರ್‌ವಿ’ ಓಡಿಸಿ ನೋಡಿ. ಇಲ್ಲಿ ಆರ್ ದೊಡ್ಡಕ್ಷರ. ಕ್ಲೈಂಟ್ ಕಡೆ ‘ಟೂ ಮೆನಿ ಆಥೆಂಟಿಕೇಶನ್ ಫೇಲ್ಯೂರ್ಸ್’ ಎಂದು ಬಂದರೆ ನಿಮ್ಮ ಏಜೆಂಟ್‌ನಲ್ಲಿ (ಕೀಗಳನ್ನು ನೆನಪಿಟ್ಟುಕೊಳ್ಳುವ ತಂತ್ರಾಂಶದಲ್ಲಿ) ಹಲವು ಕೀಗಳಿದ್ದು, ಸರಿಯಾದದ್ದರ ಸರದಿ ಬರುವ ಮೊದಲೇ ಸರ್ವರ್‌ನ ಮಿತಿ ಮುಗಿದಿದೆ ಎಂದರ್ಥ. ಪೂರ್ವನಿಯೋಜಿತ ಮಿತಿ 6. ಇದಕ್ಕೆ ಪರಿಹಾರ ಆರನೆಯ ಹಂತದಲ್ಲಿದೆ.

ಐದನೆಯ ಹಂತ: ಪಾಸ್‌ವರ್ಡ್ ಲಾಗಿನ್ ಮುಚ್ಚಿ

ಈ ಹಂತದಲ್ಲಿ ಎಡವಿದರೆ ಸರ್ವರ್‌ನಿಂದ ನೀವೇ ಹೊರಗುಳಿಯುತ್ತೀರಿ. ಹಾಗಾಗಿ ಈಗ ತೆರೆದಿರುವ ಸೆಶನ್ ಒಂದನ್ನು ಎಲ್ಲ ಮುಗಿಯುವ ತನಕ ಮುಚ್ಚಬೇಡಿ, ಮತ್ತು ವೆಬ್ ಕನ್ಸೋಲ್ ಮೂಲಕ ಒಳಹೋಗುವ ದಾರಿ ನಿಮಗೆ ಗೊತ್ತಿದೆಯೆಂದು ಮೊದಲೇ ಖಚಿತಪಡಿಸಿಕೊಳ್ಳಿ.

ಮುಖ್ಯ ಸಂರಚನಾ ಫೈಲಾದ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಅನ್ನು ನೇರವಾಗಿ ತಿದ್ದುವುದರಲ್ಲಿ ಒಂದು ಬಲೆಯಿದೆ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಒಂದೇ ಆಯ್ಕೆ ಎರಡು ಕಡೆ ಬಂದರೆ ಮೊದಲು ಓದಿದ ಮೌಲ್ಯವೇ ಊರ್ಜಿತ, ನಂತರದ್ದಲ್ಲ. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಈ ಫೈಲಿನ ತಲೆಯಲ್ಲೇ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರ್‌ನ ಫೈಲ್‌ಗಳನ್ನು ಸೇರಿಸಿಕೊಳ್ಳುವ ಸಾಲು ಇರುತ್ತದೆ, ಮತ್ತು ಕ್ಲೌಡ್ ಇಮೇಜ್‌ಗಳಲ್ಲಿ ಅಲ್ಲಿ 50-ಕ್ಲೌಡ್-ಇನಿಟ್.ಕಾನ್ಫ್ ಎಂಬ ಫೈಲ್ ಪಾಸ್‌ವರ್ಡ್ ಲಾಗಿನ್‌ಗೆ ‘ಯೆಸ್’ ಎಂದು ಹೇಳುತ್ತಿರಬಹುದು. ಮುಖ್ಯ ಫೈಲಿನಲ್ಲಿ ನೀವು ಎಷ್ಟೇ ಸಲ ‘ನೋ’ ಎಂದು ಬರೆದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಫೋಲ್ಡರ್‌ನಲ್ಲಿ ‘00-’ ಎಂದು ಆರಂಭವಾಗಿ .ಕಾನ್ಫ್ ಎಂದು ಕೊನೆಗೊಳ್ಳುವ ಯಾವುದಾದರೂ ಹೆಸರಿನ ಫೈಲ್ ಮಾಡಿದರೆ ವರ್ಣಾನುಕ್ರಮದಲ್ಲಿ ಅದೇ ಮೊದಲು ಓದಲ್ಪಡುತ್ತದೆ. ಅದರಲ್ಲಿ ಈ ಸಾಲುಗಳಿರಲಿ:

ಪಬ್‌ಕೀಆಥೆಂಟಿಕೇಶನ್ ಯೆಸ್
ಪಾಸ್‌ವರ್ಡ್‌ಆಥೆಂಟಿಕೇಶನ್ ನೋ
ಕೆಬಿಡಿಇಂಟರ್‌ಆಕ್ಟಿವ್‌ಆಥೆಂಟಿಕೇಶನ್ ನೋ
ಪರ್ಮಿಟ್‌ರೂಟ್‌ಲಾಗಿನ್ ನೋ
ಅಲೌಗ್ರೂಪ್ಸ್ ಎಸ್‌ಎಸ್‌ಎಚ್-ಬಳಕೆದಾರರ-ಗುಂಪಿನ-ಹೆಸರು

ಮೂರನೆಯ ಸಾಲನ್ನು ಹಲವರು ಬಿಟ್ಟುಬಿಡುತ್ತಾರೆ. ಪಿಎಎಂ (ಲಿನಕ್ಸ್‌ನ ಸಾಮಾನ್ಯ ದೃಢೀಕರಣ ವ್ಯವಸ್ಥೆ) ಬಳಕೆಯಲ್ಲಿರುವ ಸರ್ವರ್‌ನಲ್ಲಿ ಎರಡನೆಯ ಸಾಲು ಮಾತ್ರ ಇದ್ದರೆ, ಪಾಸ್‌ವರ್ಡ್ ಪ್ರಶ್ನೆ ಕೀಬೋರ್ಡ್-ಇಂಟರ್‌ಆಕ್ಟಿವ್ ಎಂಬ ಇನ್ನೊಂದು ಬಾಗಿಲಿನಿಂದ ಮತ್ತೆ ಬರಬಹುದು. ಕೊನೆಯ ಸಾಲಿಗೆ ಮುನ್ನ ಆ ಗುಂಪನ್ನು ಸೃಷ್ಟಿಸಿ ನಿಮ್ಮ ಖಾತೆಯನ್ನು ಅದಕ್ಕೆ ಸೇರಿಸಿರಬೇಕು; ಇಲ್ಲದಿದ್ದರೆ ಕೀ ಸರಿಯಿದ್ದರೂ ಪ್ರವೇಶ ಸಿಗದು. ಒನ್-ಟೈಮ್ ಕೋಡ್‌ನಂಥ ಎರಡನೆಯ ಅಂಶವನ್ನು ಪಿಎಎಂ ಮೂಲಕ ಬಳಸುವ ಉದ್ದೇಶವಿದ್ದರೆ ಮಾತ್ರ ಮೂರನೆಯ ಸಾಲನ್ನು ‘ಯೆಸ್’ ಇಟ್ಟು, ಆಥೆಂಟಿಕೇಶನ್‌ಮೆಥಡ್ಸ್ ಆಯ್ಕೆಯಲ್ಲಿ ಪಬ್ಲಿಕ್‌ಕೀ ಮತ್ತು ಕೀಬೋರ್ಡ್-ಇಂಟರ್‌ಆಕ್ಟಿವ್ ಎರಡನ್ನೂ ಅಲ್ಪವಿರಾಮದಿಂದ ಜೋಡಿಸಿ ಬರೆಯಿರಿ. ಆಗ ಎರಡೂ ಕಡ್ಡಾಯವಾಗುತ್ತವೆ. ಇವೆಲ್ಲವೂ ಎಸ್‌ಎಸ್‌ಎಚ್ ಲಾಗಿನ್‌ಗಷ್ಟೇ ಅನ್ವಯ. ಖಾತೆಯ ಪಾಸ್‌ವರ್ಡ್ ಹಾಗೆಯೇ ಉಳಿಯುತ್ತದೆ, ಸೂಡೋ ಅದನ್ನು ಮೊದಲಿನಂತೆಯೇ ಕೇಳುತ್ತದೆ.

ಈಗ ‘ಸೂಡೋ ಎಸ್‌ಎಸ್‌ಎಚ್‌ಡಿ -ಟಿ’ ಎಂದು ಸಣ್ಣ ಟಿ ಬಳಸಿ ಬರವಣಿಗೆಯ ದೋಷಗಳನ್ನು ಪರೀಕ್ಷಿಸಿ. ಏನನ್ನೂ ಹೇಳದೆ ಮುಗಿದರೆ ದೋಷವಿಲ್ಲ. ನಂತರ ಅದನ್ನೇ ದೊಡ್ಡ ಟಿ ಬಳಸಿ ಓಡಿಸಿ. ಎಲ್ಲ ಫೈಲ್‌ಗಳನ್ನೂ ಓದಿ ಅಂತಿಮವಾಗಿ ಯಾವ ಮೌಲ್ಯ ಜಾರಿಗೆ ಬರುತ್ತದೆಂಬುದನ್ನು ಅದು ಸಣ್ಣಕ್ಷರಗಳಲ್ಲಿ ಪಟ್ಟಿ ಮಾಡುತ್ತದೆ. ಪಾಸ್‌ವರ್ಡ್‌ಆಥೆಂಟಿಕೇಶನ್ ಮುಂದೆ ‘ನೋ’ ಇದೆಯೇ ಎಂದು ಅಲ್ಲಿ ನೋಡಿ. ಫೈಲಿನಲ್ಲಿ ನಾವು ಬರೆದದ್ದನ್ನು ನಂಬುವುದಕ್ಕಿಂತ ಈ ಪಟ್ಟಿಯನ್ನು ನಂಬುವುದು ಮೇಲು. ಎಲ್ಲ ಸರಿಯಿದ್ದರೆ ‘ಸೂಡೋ ಸಿಸ್ಟಮ್‌ಸಿಟಿಎಲ್ ರೀಲೋಡ್ ಎಸ್‌ಎಸ್‌ಎಚ್’ ಕೊಡಿ. ರೆಡ್ ಹ್ಯಾಟ್ ಕುಟುಂಬದಲ್ಲಿ ಸೇವೆಯ ಹೆಸರು ಎಸ್‌ಎಸ್‌ಎಚ್‌ಡಿ.

ಹಳೆಯ ಸೆಶನ್ ಹಾಗೇ ಇರುವಾಗಲೇ ಹೊಸ ಟರ್ಮಿನಲ್‌ನಿಂದ ಎರಡು ಪರೀಕ್ಷೆ ಮಾಡಿ. ಕೀ ಜೊತೆ ಒಳಗೆ ಹೋಗಬೇಕು. ‘-ಓ ಪಬ್‌ಕೀಆಥೆಂಟಿಕೇಶನ್=ನೋ’ ಸೇರಿಸಿ ಪ್ರಯತ್ನಿಸಿದಾಗ ಪಾಸ್‌ವರ್ಡ್ ಪ್ರಶ್ನೆಯೇ ಬರದೆ, ‘ಪರ್ಮಿಶನ್ ಡಿನೈಡ್’ ಎಂದು ಬಂದು ಆವರಣದಲ್ಲಿ ಪಬ್ಲಿಕ್‌ಕೀ ಎಂಬ ಒಂದೇ ಪದ ಕಾಣಬೇಕು. ಅಲ್ಲಿ ಇನ್ನೊಂದು ಪದವೂ ಇದ್ದರೆ ಯಾವುದೋ ಬಾಗಿಲು ಇನ್ನೂ ತೆರೆದಿದೆ.

ಪೋರ್ಟ್ ಸಂಖ್ಯೆಯನ್ನು 22ರಿಂದ ಬೇರೆಯದಕ್ಕೆ ಬದಲಿಸುವುದನ್ನು ಸುರಕ್ಷತೆಯ ಹಂತವೆಂದು ಇಲ್ಲಿ ಸೇರಿಸಿಲ್ಲ. ಅದರಿಂದ ಲಾಗ್‌ನ ಗದ್ದಲ ಕಡಿಮೆಯಾದೀತು, ದೃಢೀಕರಣ ಒಂದಿಷ್ಟೂ ಗಟ್ಟಿಯಾಗದು.

ಆರನೆಯ ಹಂತ: ಕ್ಲೈಂಟ್‌ನ ದಿನಬಳಕೆ

ನಿಮ್ಮ ಯಂತ್ರದ .ಎಸ್‌ಎಸ್‌ಎಚ್/ಕಾನ್ಫಿಗ್ ಫೈಲಿನಲ್ಲಿ ಪ್ರತಿ ಸರ್ವರ್‌ಗೂ ಒಂದು ಹೋಸ್ಟ್ ವಿಭಾಗ ಬರೆದು, ಅದರ ಅಡಿಯಲ್ಲಿ ಹೋಸ್ಟ್‌ನೇಮ್, ಯೂಸರ್, ಐಡೆಂಟಿಟಿಫೈಲ್ ಮತ್ತು ‘ಐಡೆಂಟಿಟೀಸ್‌ಓನ್ಲಿ ಯೆಸ್’ ಸಾಲುಗಳನ್ನು ಸೇರಿಸಿ. ಕೊನೆಯದು ಸೂಚಿಸಿದ ಕೀಯನ್ನಷ್ಟೇ ಮುಂದಿಡುವಂತೆ ಮಾಡುವುದರಿಂದ ಮೇಲೆ ಹೇಳಿದ ‘ಟೂ ಮೆನಿ’ ದೋಷ ಮಾಯವಾಗುತ್ತದೆ. ಪಾಸ್‌ಫ್ರೇಸನ್ನು ಪದೇಪದೇ ಟೈಪ್ ಮಾಡುವ ಬೇಸರಕ್ಕೆ ಎಸ್‌ಎಸ್‌ಎಚ್-ಏಜೆಂಟ್ ಇದೆ. ‘ಎಸ್‌ಎಸ್‌ಎಚ್-ಆಡ್ -ಟಿ 4ಎಚ್’ ಎಂದು ಕೊಟ್ಟರೆ ಕೀ ನಾಲ್ಕು ಗಂಟೆಯ ನಂತರ ತಾನಾಗಿ ಏಜೆಂಟ್‌ನ ನೆನಪಿನಿಂದ ಹೋಗುತ್ತದೆ.

ಒಂದು ಸರ್ವರ್ ಮೂಲಕ ಇನ್ನೊಂದಕ್ಕೆ ಹೋಗಬೇಕಾದಾಗ ಏಜೆಂಟ್ ಫಾರ್ವರ್ಡಿಂಗ್ (ನಿಮ್ಮ ಏಜೆಂಟನ್ನು ನಡುವಿನ ಸರ್ವರ್‌ನಿಂದಲೂ ಬಳಸಲು ಬಿಡುವುದು) ಬಳಸುವ ಅಭ್ಯಾಸ ಬಿಡುವುದು ಲೇಸು. ಅದು ಆನ್ ಇರುವಷ್ಟು ಹೊತ್ತೂ ನಡುವಿನ ಸರ್ವರ್‌ನಲ್ಲಿ ರೂಟ್ ಅಧಿಕಾರವಿರುವ ಯಾರಾದರೂ ನಿಮ್ಮ ಏಜೆಂಟ್‌ನಿಂದ ಸಹಿ ಹಾಕಿಸಿಕೊಂಡು ನಿಮ್ಮ ಹೆಸರಿನಲ್ಲಿ ಬೇರೆಡೆಗೆ ಹೋಗಬಲ್ಲರು. 2016ರ 7.3 ಆವೃತ್ತಿಯಲ್ಲಿ ಬಂದ ಪ್ರಾಕ್ಸಿಜಂಪ್ ಆಯ್ಕೆ ನಡುವಿನ ಯಂತ್ರವನ್ನು ಬರಿಯ ದಾರಿಯಾಗಿ ಬಳಸುತ್ತದೆ, ದೃಢೀಕರಣ ನಿಮ್ಮ ಯಂತ್ರ ಮತ್ತು ಕೊನೆಯ ಸರ್ವರ್ ನಡುವೆಯೇ ನಡೆಯುತ್ತದೆ.

ಕಳೆಯಬಹುದಾದ ಲ್ಯಾಪ್‌ಟಾಪಿನ ಚಿಂತೆಯಿದ್ದವರು ಯುಎಸ್‌ಬಿ ಭದ್ರತಾ ಕೀ ಕೊಂಡು, ಕೀ ರಚಿಸುವಾಗ ಮಾದರಿಯನ್ನು ಇಡಿ25519-ಎಸ್‌ಕೆ ಎಂದು ಕೊಡಬಹುದು. 2020ರ 8.2 ಆವೃತ್ತಿಯಿಂದ ಇದಕ್ಕೆ ಬೆಂಬಲವಿದೆ. ಸಾಧನವನ್ನು ಬೆರಳಿನಿಂದ ಮುಟ್ಟದೆ ಸಹಿ ಆಗದು.

ಯಂತ್ರಗಳು ತಾವೇ ಲಾಗಿನ್ ಆಗುವಾಗ

ರಾತ್ರಿ ಬ್ಯಾಕಪ್ ಮಾಡುವ ಸ್ಕ್ರಿಪ್ಟ್‌ನ ಮುಂದೆ ಪಾಸ್‌ಫ್ರೇಸ್ ಟೈಪ್ ಮಾಡಲು ಯಾರೂ ಕೂತಿರುವುದಿಲ್ಲ. ಅಂಥ ಕೀಗೆ ಪಾಸ್‌ಫ್ರೇಸ್ ಇಲ್ಲದಿರುವುದು ಅನಿವಾರ್ಯವಾದ್ದರಿಂದ, ಅದರ ಕೈಯನ್ನು ಸರ್ವರ್ ಕಡೆಯಿಂದ ಕಟ್ಟಬೇಕು. ಆಥರೈಸ್ಡ್_ಕೀಸ್ ಫೈಲಿನಲ್ಲಿ ಆ ಕೀ ಸಾಲಿನ ಮೊದಲಿಗೆ, ಮಾದರಿಯ ಹೆಸರಿಗಿಂತ ಮುಂಚೆ, ಅಲ್ಪವಿರಾಮಗಳಿಂದ ಜೋಡಿಸಿ ಮೂರು ನಿರ್ಬಂಧ ಬರೆಯಿರಿ: ‘ರಿಸ್ಟ್ರಿಕ್ಟ್’ ಎಂಬುದು ಫಾರ್ವರ್ಡಿಂಗ್, ಟರ್ಮಿನಲ್ ಮುಂತಾದ ಎಲ್ಲ ಸೌಲಭ್ಯ ಕಿತ್ತುಕೊಳ್ಳುತ್ತದೆ; ‘ಫ್ರಮ್=’ ಎಂಬುದು ನೀವು ಹೇಳಿದ ಐಪಿ ವಿಳಾಸದಿಂದ ಮಾತ್ರ ಬರಲು ಬಿಡುತ್ತದೆ; ‘ಕಮಾಂಡ್=’ ಎಂಬುದು ಕ್ಲೈಂಟ್ ಏನನ್ನೇ ಕೇಳಿದರೂ ನೀವು ಗೊತ್ತುಪಡಿಸಿದ ಒಂದು ಕಮಾಂಡನ್ನಷ್ಟೇ ಓಡಿಸುತ್ತದೆ. ಈ ಕೆಲಸಕ್ಕೆ ಬೇರೆ ಖಾತೆಯೇ ಇರಲಿ, ನಿಮ್ಮದಲ್ಲ.

ಕೀಗಳ ಲೆಕ್ಕ ಇಡುವುದು

ಕೀಗಳಿಗೆ ತಾವಾಗಿ ಅವಧಿ ಮುಗಿಯುವುದಿಲ್ಲ. ಕೆಲಸ ಬಿಟ್ಟುಹೋದವರ ಕೀ ವರ್ಷಗಟ್ಟಲೆ ಸರ್ವರ್‌ನಲ್ಲಿ ಉಳಿದಿರುವುದೇ ಪ್ರಾಯಶಃ ಈ ವಿಧಾನದ ಅತಿದೊಡ್ಡ ದೌರ್ಬಲ್ಯ. ಹಳೆಯ ಕೀಗಳು ಇನ್ನೊಂದು ರೀತಿಯಲ್ಲೂ ಅಪಾಯಕಾರಿ: 2006ರಿಂದ 2008ರವರೆಗೆ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಪ್ಯಾಕೇಜಿನಲ್ಲಿದ್ದ ದೋಷದಿಂದ ಒಂದೊಂದು ಮಾದರಿ ಮತ್ತು ಗಾತ್ರಕ್ಕೆ ಕೇವಲ 32,768 ಭಿನ್ನ ಕೀಗಳಷ್ಟೇ ಹುಟ್ಟಬಹುದಿತ್ತು, ಹಾಗೆ ಹುಟ್ಟಿದ ಕೀಯನ್ನು ಎಲ್ಲಿಗೆ ಒಯ್ದರೂ ಅದು ದುರ್ಬಲವಾಗಿಯೇ ಉಳಿಯಿತು.

ಲ್ಯಾಪ್‌ಟಾಪ್ ಕಳೆದರೆ ಅದರ ಟಿಪ್ಪಣಿಯಿರುವ ಸಾಲನ್ನು ಪ್ರತಿ ಸರ್ವರ್‌ನ ಆಥರೈಸ್ಡ್_ಕೀಸ್‌ನಿಂದ ಅಳಿಸಿ. ರೂಟ್ ಖಾತೆಯ ಫೈಲನ್ನೂ ನೋಡಲು ಮರೆಯಬೇಡಿ. ಸಾಲು ಅಳಿಸಿದ ಮಾತ್ರಕ್ಕೆ ಆಗಲೇ ತೆರೆದಿರುವ ಸೆಶನ್‌ಗಳು ಕಡಿಯುವುದಿಲ್ಲವಾದ್ದರಿಂದ, ‘ಹೂ’ ಕಮಾಂಡ್ ಮೂಲಕ ಯಾರಿದ್ದಾರೆಂದು ನೋಡಿ ಅವನ್ನು ಬೇರೆಯಾಗಿ ಕೊನೆಗೊಳಿಸಬೇಕು.

ಸರ್ವರ್‌ಗಳ ಸಂಖ್ಯೆ ಕೈಮೀರಿ ಬೆಳೆದಾಗ ಓಪನ್‌ಎಸ್‌ಎಸ್‌ಎಚ್‌ನ ಸರ್ಟಿಫಿಕೇಟ್ ವ್ಯವಸ್ಥೆಗೆ ಹೋಗುವುದು ಸೂಕ್ತ. ಸಂಸ್ಥೆಯ ಒಂದು ಸಿಎ (ಬೇರೆ ಕೀಗಳಿಗೆ ಸಹಿ ಹಾಕಿ ದೃಢಪಡಿಸುವ ಪ್ರಾಧಿಕಾರ) ಕೀ ಇಟ್ಟುಕೊಂಡು, ಅದರಿಂದ ಬಳಕೆದಾರರ ಪಬ್ಲಿಕ್ ಕೀಗೆ ಎಂಟು ಗಂಟೆ ಅಥವಾ ಒಂದು ದಿನದ ಅವಧಿಯ ಸಹಿ ಹಾಕಿಕೊಡಬಹುದು. ಸರ್ವರ್‌ಗಳು ಟ್ರಸ್ಟೆಡ್‌ಯೂಸರ್‌ಸಿಎಕೀಸ್ ಆಯ್ಕೆಯ ಮೂಲಕ ಆ ಸಿಎಯನ್ನು ನಂಬುತ್ತವೆ, ಅವಧಿ ಮುಗಿದ ಸರ್ಟಿಫಿಕೇಟ್ ತಾನಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಇದೇ ರೀತಿ ಪ್ರತ್ಯೇಕವಾದ ಇನ್ನೊಂದು ಸಿಎಯಿಂದ ಸರ್ವರ್‌ಗಳ ಹೋಸ್ಟ್ ಕೀಗಳಿಗೂ ಸಹಿ ಹಾಕಿ, ಕ್ಲೈಂಟ್‌ಗಳ ನೋನ್_ಹೋಸ್ಟ್ಸ್ ಫೈಲಿನಲ್ಲಿ @ಸರ್ಟ್-ಅಥಾರಿಟಿ ಎಂದು ಆರಂಭವಾಗುವ ಒಂದು ಸಾಲಿನಲ್ಲಿ ಅದರ ಪಬ್ಲಿಕ್ ಕೀಯನ್ನು ನಮೂದಿಸಿದರೆ, ಹೊಸ ಸರ್ವರ್‌ಗೆ ಮೊದಲ ಸಲ ಹೋಗುವಾಗಲೂ ಫಿಂಗರ್‌ಪ್ರಿಂಟ್ ಪ್ರಶ್ನೆ ಬರುವುದಿಲ್ಲ. ಸಿಎಯ ಪ್ರೈವೇಟ್ ಕೀ ಕಳುವಾದರೆ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಕೈತಪ್ಪುವುದರಿಂದ, ಅದನ್ನು ದಿನಬಳಕೆಯ ಯಾವ ಯಂತ್ರದಲ್ಲೂ ಇಡದೆ ಹಾರ್ಡ್‌ವೇರ್ ಸಾಧನದಲ್ಲಿ ಅಥವಾ ಜಾಲದಿಂದ ಬೇರ್ಪಡಿಸಿದ ಕಂಪ್ಯೂಟರಿನಲ್ಲಿ ಇರಿಸಿ.